ನದಿ ಹಾಡಿಸಿತಾ, ಪಕ್ಕವಾದ್ಯದವರಾ?

ಗುಂಪು: ನಮ್ಮ ಮನೆ ಮಂದಿ

ಪ್ರದೀಪಣ್ಣ (ಅಟ್ಲಾಂಟಾ): ನಿನ್ನೆ ಅಲಬಾಮಾದ ಶೆಫೀಲ್ಡ್‌ಗೆ ಹೋಗಿದ್ದೆವು. ಫೋಟೋದಲ್ಲಿರುವ ಪುಟ್ಟ ಕಟ್ಟಡ ಮಸಲ್ ಶೋಲ್ಸ್ ಸೌಂಡ್ ಸ್ಟುಡಿಯೋ, 3614 ಜಾಕ್ಸನ್ ಹೈವೇ. ಬ್ರಿಟನ್ನಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್ ರೆಕಾರ್ಡ್ ಮಾಡಿದ ಜಾಗ! ಹತ್ತಿರದ ಟೆನೆಸ್ಸಿ ನದಿ ಹಾಡುತ್ತದಂತೆ, ಅದರ ಮಹಿಮೆಯಿಂದಲೇ ಇಲ್ಲಿ ಹಾಡು ಹುಟ್ಟಿದ್ದು ಅಂತ ಒಂದು ಬರಹ ಬಂತು. ಕೆಳಗೆ ಹಾಕಿದ್ದೇನೆ, ಓದಿ.

ಶಾರದತ್ತೆ: ಹೊಳೆ ದಂಡೆ ಊರು ಅಂದ್ಮೇಲೆ ಸಂಗೀತ ಇರಲೇಬೇಕು ಬಿಡು. ಚೆನ್ನಾಗಿದೆ.

ರಘು: ಫೋಟೋ ನೋಡಿ ತುಂಬಾ ಖುಷಿಯಾಯ್ತು ಅಣ್ಣ. ಆದ್ರೆ ಆ ಬರಹ ನಾನು ಒಪ್ಪಲ್ಲ. ಆ ಕಟ್ಟಡದಲ್ಲಿ ಮೊದಲು ಶವಪೆಟ್ಟಿಗೆ ಮಾರುತ್ತಿದ್ದರು. 1969ರಲ್ಲಿ ಅದನ್ನು ಸ್ಟುಡಿಯೋ ಮಾಡಿದ್ದು ನಾಲ್ಕು ಜನ. ಡ್ರಮ್ಸ್ ರೋಜರ್ ಹಾಕಿನ್ಸ್, ಬಾಸ್ ಡೇವಿಡ್ ಹುಡ್, ಗಿಟಾರ್ ಜಿಮ್ಮಿ ಜಾನ್ಸನ್, ಕೀಬೋರ್ಡ್ ಬ್ಯಾರಿ ಬೆಕೆಟ್. ಬರಹದಲ್ಲಿ ಇವರಲ್ಲಿ ಒಬ್ಬರ ಹೆಸರೂ ಇಲ್ಲ!

ಶಾರದತ್ತೆ: ಇವರು ಹಾಡೋರಾ?

ರಘು: ಇಲ್ಲ ಅತ್ತೆ, ಪಕ್ಕವಾದ್ಯ. ಮೊದಲು ಅಲ್ಲೇ ಹತ್ತಿರ ರಿಕ್ ಹಾಲ್ ಅವರ ಫೇಮ್ ಸ್ಟುಡಿಯೋದಲ್ಲಿ ನುಡಿಸುತ್ತಿದ್ದರು. 1967ರ ಜನವರಿಯಲ್ಲಿ ಕರಿಯ ಗಾಯಕಿ ಅರೆಥಾ ಫ್ರಾಂಕ್ಲಿನ್ ಫೇಮ್‌ಗೆ ಬಂದರು. ಅಲ್ಲಿವರೆಗೆ ಎಷ್ಟೋ ವರ್ಷ ಹಾಡಿದ್ರೂ ದೊಡ್ಡ ಹಿಟ್ ಸಿಕ್ಕಿರಲಿಲ್ಲ. ಇಲ್ಲಿ ಒಂದೇ ದಿನ ಹಾಡಿದರು, ಆಮೇಲೆ ಜಗಳವಾಗಿ ಹೊರಟುಹೋದರು. ಆ ದಿನದ ಹಾಡೇ ಅವರ ಮೊದಲ ದೊಡ್ಡ ಹಿಟ್. ಆಲ್ಬಮ್ ಮುಗಿಸೋಕೆ ಹಾಕಿನ್ಸ್, ಜಾನ್ಸನ್ ಅವರನ್ನು ನ್ಯೂಯಾರ್ಕ್‌ಗೇ ಕರೆಸಿಕೊಂಡರು. ನದಿ ಬೇಕಾಗಲಿಲ್ಲ, ಇವರ ಕೈ ಬೇಕಾಯ್ತು.

ಶಾರದತ್ತೆ: ನಿಮ್ಮ ತಾತ ಮೂವತ್ತು ವರ್ಷ ಹರಿಕಥೆಗೆ ತಬಲಾ ನುಡಿಸಿದರು. ಕರಪತ್ರದಲ್ಲಿ ದಾಸರ ಹೆಸರು ದಪ್ಪಕ್ಷರದಲ್ಲಿ. ಕೆಳಗೆ 'ಪಕ್ಕವಾದ್ಯ ಸಹಿತ' ಅಂತ ಅಷ್ಟೇ.

ಪ್ರದೀಪಣ್ಣ: ಅದು ಸರಿ ಅತ್ತೆ. ಆದ್ರೆ ರಘು, ಸ್ಟೋನ್ಸ್ 1969ರ ಡಿಸೆಂಬರ್‌ನಲ್ಲಿ ಮೂರು ದಿನ ಇದ್ದು ಮೂರು ಹಾಡು ಮಾಡಿಕೊಂಡು ಹೋದರು. ಈ ನಾಲ್ವರು ಅದರಲ್ಲಿ ನುಡಿಸಿಲ್ಲ. ಹಾಗಾದ್ರೆ ಅಷ್ಟು ದೂರ ಯಾಕೆ ಬಂದ್ರು? ಜಾಗದಲ್ಲೂ ಏನೋ ಇರಬೇಕು ಅಲ್ವಾ?

ರಘು: ಈ ಪ್ರಶ್ನೆ ಒಪ್ಪುತ್ತೇನೆ. ಜಾಗಕ್ಕೂ ಪಾಲಿದೆ. ಚಿಕ್ಕ ಕೋಣೆ, ಒಬ್ಬರಿಗೊಬ್ಬರು ಹತ್ತಿರ ಕೂತು ನುಡಿಸಬೇಕು, ಮುಖ ನೋಡಿಕೊಂಡು. ಆದ್ರೆ ಆ ಮೂರರಲ್ಲಿ ಒಂದಾದ 'ವೈಲ್ಡ್ ಹಾರ್ಸಸ್' ರೆಕಾರ್ಡ್ ಆಗುವಾಗ ಆ ಕಡೆ ರೆಕಾರ್ಡಿಂಗ್ ಎಂಜಿನಿಯರ್ ಆಗಿ ಕೂತಿದ್ದು ಇದೇ ಜಿಮ್ಮಿ ಜಾನ್ಸನ್. ಕೋಣೆಯ ಗುಣ ಗೊತ್ತಿದ್ದವರು ಅವರು.

ಚಿನ್ನಿ: ಗಾಯಕ ಪಾಲ್ ಸೈಮನ್ ಇವರು ನುಡಿಸಿದ ಒಂದು ಹಾಡು ಕೇಳಿ 'ಆ ಕರಿಯ ವಾದ್ಯಗಾರರೇ ಬೇಕು' ಅಂದರಂತೆ. ಬಂದು ನೋಡಿದರೆ ಎಲ್ಲರೂ ಬಿಳಿಯರು!

ರಘು: ಅದೇ ನನಗೆ ಎಲ್ಲಕ್ಕಿಂತ ದೊಡ್ಡದು ಚಿನ್ನಿ. 1963ರಲ್ಲಿ ಇದೇ ಅಲಬಾಮಾದ ಗವರ್ನರ್ ವ್ಯಾಲೇಸ್, ಇಬ್ಬರು ಕರಿಯ ವಿದ್ಯಾರ್ಥಿಗಳನ್ನು ತಡೆಯೋಕೆ ವಿಶ್ವವಿದ್ಯಾಲಯದ ಬಾಗಿಲಲ್ಲಿ ಅಡ್ಡ ನಿಂತಿದ್ದರು. ಅದೇ ರಾಜ್ಯದಲ್ಲಿ, ಅದೇ ವರ್ಷಗಳಲ್ಲಿ ಕರಿಯ ಗಾಯಕರು, ಬಿಳಿಯ ವಾದ್ಯದವರು ಒಂದೇ ಕೋಣೆಯಲ್ಲಿ ಕೂತು ಹಾಡು ಕಟ್ಟಿದರು. ಇದನ್ನು ನದಿಯ ಮಹಿಮೆ ಅಂದ್ಬಿಟ್ರೆ ಆ ಜನರ ಧೈರ್ಯ ಎಲ್ಲಿ ಹೋಯ್ತು?

ಶಾರದತ್ತೆ: ಪ್ರದೀಪ, ಆ ಹೆಸರುಗಳನ್ನು ಹಾಕಿ ಇನ್ನೊಂದು ಸಲ ಕಳಿಸಪ್ಪ.

ಪ್ರದೀಪಣ್ಣ: ಆಯ್ತು ಅತ್ತೆ. ಹಳೇದು ಡಿಲೀಟ್ ಮಾಡಿದೆ, ಫೋಟೋ ಕೆಳಗೆ ನಾನೇ ಬರೀತಿದ್ದೇನೆ. ರಘು, ಹುಡ್ ಬಾಸ್ ತಾನೆ?

ರಘು: ಹೌದಣ್ಣ. ಕೀಬೋರ್ಡ್ ಬೆಕೆಟ್.