ಉಕ್ಕನ್ನು ‘ಹದಗೊಳಿಸು’ ಎಂದರೆ ಹಾರ್ಡನಿಂಗೋ, ಟೆಂಪರಿಂಗೋ?

ಮಾನ್ಯರೇ,

ಮನೆಯ ಲೇತಿನಲ್ಲಿ ಮಾದರಿ ಎಂಜಿನ್ ತಯಾರಿಸುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ವಾಲ್ವ್‌ಗಳಿಗೂ ಅವನ್ನು ತಳ್ಳಿ ತೆರೆಯುವ ಕ್ಯಾಮ್, ಟ್ಯಾಪೆಟ್‌ಗಳಿಗೂ ಲೋಹ ಆರಿಸುವ ಅಧ್ಯಾಯದಲ್ಲಿ ‘ಹದಗೊಳಿಸು’ ಎಂಬ ಪದ ತೊಡಕಾಗಿದೆ. ಹಾರ್ಡನಿಂಗ್, ಟೆಂಪರಿಂಗ್ ಎರಡಕ್ಕೂ ಅದನ್ನೇ ಬಳಸುವುದುಂಟು. ಆದರೆ ಮೊದಲನೆಯದು ಗಡಸುತನವನ್ನು ಏರಿಸುವ ಕೆಲಸ, ಎರಡನೆಯದು ಇಳಿಸುವ ಕೆಲಸ.

ಬ್ರಿಟನ್ನಿನ ಮಾದರಿ ಎಂಜಿನ್ ನಕ್ಷೆಗಳು ಇಂತಹ ಭಾಗಗಳಿಗೆ ಹಲವೆಡೆ ಸೂಚಿಸುವ ‘ಸಿಲ್ವರ್ ಸ್ಟೀಲ್’ ಸುಮಾರು ಶೇ. 1ರಷ್ಟು ಇಂಗಾಲವಿರುವ ಉಕ್ಕು. ಅದರಲ್ಲಿ ಬೆಳ್ಳಿ ಇಲ್ಲವಾದ್ದರಿಂದ ‘ಬೆಳ್ಳಿ ಉಕ್ಕು’ ಎಂದು ಕನ್ನಡಿಸುವುದು ಸಲ್ಲದೆಂದು ನನ್ನ ಅಭಿಪ್ರಾಯ. ಈ ಉಕ್ಕಿನ ಕ್ಯಾಮನ್ನು ಸುಮಾರು 780 ಡಿಗ್ರಿ ಸೆಲ್ಸಿಯಸ್‌ಗೆ, ಮೈಯೆಲ್ಲ ಒಂದೇ ಸಮನೆ ಕೆಂಪಾಗುವಂತೆ ಕಾಯಿಸಿ ನೀರಿಗದ್ದಿದರೆ ಅರದ ಹಲ್ಲು ಕೂಡ ಜಾರುವಷ್ಟು ಗಡುಸಾಗುತ್ತದೆ, ಜೊತೆಗೆ ಪೆಡಸೂ ಆಗುತ್ತದೆ. ಬಳಿಕ ಕಪ್ಪನ್ನು ಉಜ್ಜಿ ತೆಗೆದು, ಹೊಳೆಯುವ ಮೈಮೇಲೆ ಒಣಹುಲ್ಲಿನ ತಿಳಿಹಳದಿ ಮೂಡುವವರೆಗೆ, ಎಂದರೆ ಸುಮಾರು 220–230 ಡಿಗ್ರಿಗೆ, ಮತ್ತೆ ಕಾಯಿಸಿದಾಗ ಗಡಸುತನ ತುಸು ಇಳಿದು ಹೊಡೆತ ತಾಳುವ ಗುಣ ಬರುತ್ತದೆ. ‘ಕ್ಯಾಮನ್ನು ಹದಗೊಳಿಸಿ’ ಎಂದಷ್ಟೇ ಬರೆದರೆ ಓದುಗರು ಮೊದಲ ಹಂತಕ್ಕೇ ನಿಲ್ಲಿಸುವ ಅಪಾಯವಿದೆ.

ಕುಲುಮೆಯಲ್ಲಿ ಈ ಗೊಂದಲವಿರಲಿಲ್ಲವೆಂದು ತೋರುತ್ತದೆ. ಕಾದ ಉಳಿಯ ತುದಿಯನ್ನಷ್ಟೇ ನೀರಿಗದ್ದಿ ತೆಗೆದು, ಹಿಂಭಾಗದಲ್ಲಿ ಉಳಿದ ಕಾವು ತುದಿಗೆ ಹರಿದು ಬಣ್ಣ ತಿರುಗಿದ ಕೂಡಲೇ ಪೂರ್ತಿ ಮುಳುಗಿಸುವ ಕ್ರಮದಲ್ಲಿ ಎರಡೂ ಹಂತಗಳು ಒಂದೇ ಕಾವಿನಲ್ಲಿ ಮುಗಿಯುತ್ತವೆ. ಅಲ್ಲಿ ‘ಹದ’ ಎಂಬ ಒಂದೇ ಪದ ಸಾಕು.

ಉರಿದ ಅನಿಲವನ್ನು ಹೊರಬಿಡುವ ಎಕ್ಸಾಸ್ಟ್ ವಾಲ್ವಿನ ವಿಷಯದಲ್ಲಿ ಪದ ಇನ್ನಷ್ಟು ಜಾರುತ್ತದೆ. ಸಿಲ್ವರ್ ಸ್ಟೀಲಿನ ವಾಲ್ವ್ ಅಲ್ಲಿನ ಬಿಸಿಗೆ ‘ಹದ ಕಳೆದುಕೊಳ್ಳುತ್ತದೆ’ ಎಂದು ಬರೆದಾಗ ‘ಹದ’ಕ್ಕೆ ಗಡಸುತನವೆಂಬ ಅರ್ಥವೇ ಬರುತ್ತದೆ. ಅಲ್ಲಿಗೆ ಸ್ಟೇನ್‌ಲೆಸ್ ಸ್ಟೀಲ್ ವಾಸಿ; ಆದರೆ ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ಉಜ್ಜಿದರೆ ಕಚ್ಚಿಕೊಳ್ಳುವುದರಿಂದ ವಾಲ್ವಿನ ಕಡ್ಡಿ ಜಾರುವ ಗೈಡಿಗೆ ಕಂಚು ಅಥವಾ ಬೀಡುಕಬ್ಬಿಣ ಬೇಕು. ‘ಕಚ್ಚಿಕೊಳ್ಳು’ ಮೆಕ್ಯಾನಿಕ್‌ಗಳ ಬಾಯಲ್ಲಿರುವ ಪದವಾದ್ದರಿಂದ ಹಾಗೆಯೇ ಇಟ್ಟಿದ್ದೇನೆ.

ಸದ್ಯಕ್ಕೆ ಹಾರ್ಡನಿಂಗ್‌ಗೆ ‘ಗಡಸುಗೊಳಿಸು’, ಟೆಂಪರಿಂಗ್‌ಗೆ ‘ಹದಕ್ಕೆ ಇಳಿಸು’, ಇಂಗಾಲ ಕಡಿಮೆಯಿರುವ ಮೈಲ್ಡ್ ಸ್ಟೀಲಿನ ಹೊರಪದರಕ್ಕೆ ಮಾತ್ರ ಇಂಗಾಲ ಹೊಗಿಸಿ ಮಾಡುವ ಕೇಸ್ ಹಾರ್ಡನಿಂಗ್‌ಗೆ ‘ಮೈಗಡಸು’ ಎಂದು ಬಳಸಿದ್ದೇನೆ. ಕಮ್ಮಾರಿಕೆಯವರು ಮೊದಲೆರಡಕ್ಕೆ ಬೇರೆ ಬೇರೆ ಕ್ರಿಯಾಪದ ಆಡುವುದನ್ನು ಕೇಳಿದವರಿದ್ದರೆ, ಅದು ಯಾವ ಸೀಮೆಯ ಮಾತೆಂಬುದನ್ನೂ ಸೇರಿಸಿ ತಿಳಿಸಬೇಕಾಗಿ ವಿನಂತಿ.