ಕೊನೇ ಗುಟುಕು ಬಗ್ಗಿಸಬೇಡ

"ಇದನ್ನ ಕುಡೀಬೇಕೋ, ಅಗೀಬೇಕೋ?" ಅಂದೆ. ಹಲ್ಲಿನ ಸಂದಿಯಲ್ಲಿ ಕರಕರ ಅನ್ನುತ್ತಿತ್ತು.

ಸೀನ ಮುಖ ಸಣ್ಣದು ಮಾಡಿದ. ಸರಸ್ವತಿಪುರಂನ ಅವನ ಮನೆ ಜಗಲಿ, ಭಾನುವಾರ ಬೆಳಿಗ್ಗೆ. ಟೀಪಾಯಿ ಮೇಲೆ ಗಾಜಿನ ಫ್ರೆಂಚ್ ಪ್ರೆಸ್, ಪುಡಿ ನೆನೆಸಿ ಜಾಲರಿ ಕೆಳಗೊತ್ತಿ ಕಾಫಿ ಸೋಸುವ ಜಾಡಿ. ಸೀನನ ಹೆಂಡತಿ ಪದ್ಮಕ್ಕನನ್ನು ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಕರೆಸಿಕೊಂಡ ಅಳಿಯ, ಬದಲಿಗೆ ಕಳಿಸಿದ್ದು. ಪಕ್ಕದಲ್ಲಿ ಒಂದು ಪುಟ್ಟ ತಕ್ಕಡಿ, ಒಂದು ಥರ್ಮಾಮೀಟರ್. ಕಾಫಿಗೆ ಜ್ವರ ಬಂದ ಹಾಗೆ.

"ನೀರು ಸರಿಯಾಗಿ 93 ಡಿಗ್ರಿ ಇತ್ತು ಕಣೋ. ಅರ್ಧ ಲೀಟರಿಗೆ 30 ಗ್ರಾಂ ಪುಡಿ, ತೂಗಿ ಹಾಕಿದೀನಿ."

"ಅದರಲ್ಲಿ 10 ಗ್ರಾಂ ನನ್ನ ಲೋಟಕ್ಕೇ ಬಂದಿದೆ."

ನಾಣಿ ವಿಡಿಯೋ ನೋಡಿ ನೋಡಿ ಪಂಡಿತನಾದವನು. "ಪುಡಿ ಯಾವುದು?" ಅಂದ.

"ಮಾಮೂಲಿ ಅಂಗಡೀದೇ. ಚಿಕೋರಿ 20 ಪರ್ಸೆಂಟು."

"ಅಲ್ಲೇ ಎಡವಟ್ಟು. ಅದು ಫಿಲ್ಟರ್ ಪುಡಿ. ಈ ಜಾಲರಿಯಲ್ಲಿ ನುಸುಳಿಬಿಡುತ್ತೆ. ಇದಕ್ಕೆ ಇಡ್ಲಿ ರವೆ ಥರ ತರಿತರಿ ಬೇಕು."

"ಹೋದ ವಾರ ಬೀಜ ತಂದು ಮಿಕ್ಸಿಗೆ ಹಾಕ್ದೆ. ಆಗಲೂ ಇದೇ ಕತೆ."

"ಮಿಕ್ಸಿ ಕೊಚ್ಚುತ್ತೆ, ಬೀಸಲ್ಲ. ಅರ್ಧ ನುಚ್ಚು, ಅರ್ಧ ವಿಭೂತಿ."

"ವಿಭೂತಿ ಹಣೆಗಾದ್ರೂ ಆಗ್ತಿತ್ತು" ಅಂದೆ.

ನಾಣಿ ಬಿಡಲಿಲ್ಲ. 4 ನಿಮಿಷ ನೆನೆಯಬೇಕಂತೆ. ಮೇಲೆ ಕಟ್ಟಿದ್ದನ್ನು ಕದಡಿ, ತೇಲುವ ನೊರೆಯನ್ನು ಚಮಚದಲ್ಲಿ ತೆಗೆಯಬೇಕಂತೆ. ಆಮೇಲೆ ಇನ್ನೂ 5 ನಿಮಿಷ ಸುಮ್ನೆ ಬಿಟ್ಟರೆ ಗಷ್ಟು ತಳ ಸೇರುತ್ತದಂತೆ. "ಪೂರ್ತಿ ಕೆಳಗೆ ಒತ್ತಬೇಡ. ಕೊನೇ ಗುಟುಕು ಬಗ್ಗಿಸಬೇಡ."

"ಅಷ್ಟು ಹೊತ್ತಿಗೆ ನಾನು ಪಕ್ಕದ ಬೀದಿ ಹೋಟ್ಲಲ್ಲಿ ಎರಡು ಕಾಫಿ ಕುಡಿದು ಬಂದಿರ್ತೀನಿ" ಅಂದೆ. "ಬಾಬಾ ಬುಡನ್ ಯೆಮೆನ್ನಿನ ಮೋಕಾದಿಂದ 7 ಬೀಜ ತಂದ್ರು ಅಂತ ಕತೆ. ಜೊತೆಗೆ ತಕ್ಕಡಿ ತಂದ್ರು ಅಂತ ಯಾರೂ ಹೇಳಿಲ್ಲ. ನಮ್ಮಜ್ಜಿ ಒಂದು ಬಟ್ಟೆ ಚೂರಲ್ಲಿ ಸೋಸೋಳು. ಬಟ್ಟೆ ಯಾವ ಬಣ್ಣದ್ದು ಅಂತ ಅವಳಿಗೇ ಮರೆತುಹೋಗಿತ್ತು. ಆದ್ರೆ ಒಂದು ಕಾಳು ಗಷ್ಟು ಬರ್ತಿರ್ಲಿಲ್ಲ. ನಿಮ್ಮನೇಲಿ ಹಿತ್ತಾಳೆ ಫಿಲ್ಟರ್ ಇತ್ತಲ್ಲೋ?"

"ಅದಕ್ಕೂ ಹಾಕಿ ನೋಡ್ದೆ. ರಾತ್ರಿ ಹಾಕಿದ್ದು, ಬೆಳಗಾದ್ರೂ ತೊಟ್ಟು ಇಳೀಲಿಲ್ಲ."

"ಪುಡಿ ಹೇಗೆ ಒತ್ತಿದೆ?"

ಸೀನ ಹೆಬ್ಬೆರಳು ತೋರಿಸಿದ. ಆ ಹೆಬ್ಬೆರಳಲ್ಲಿ ಗೋಡೆಗೆ ಮೊಳೆ ಹೊಡೆಯಬಹುದು.

"ಹಾಗೆ ಅದುಮಿದ್ರೆ ಎಲ್ಲಿಂದ ಇಳಿಯುತ್ತೆ? ಚಿಕೋರಿ ಬೇರೆ ನೀರು ಹಿಡ್ಕೊಳ್ಳುತ್ತೆ. ಹಗುರವಾಗಿ ಸಮ ಮಾಡಿ, ಛತ್ರಿ ಥರದ ತೂತಿನ ಬಿಲ್ಲೆ ಇಟ್ಟು, ಅದರ ಮೇಲೆ ಬಿಸಿನೀರು ನಿಧಾನಕ್ಕೆ ಹೊಯ್ಯಬೇಕು. ಪುಡಿಯನ್ನ ಪುಡಿಯೇ ತಡೆಯುತ್ತೆ. ಆಮೇಲೆ ತಟ್ಟಬಾರದು, ಅಲ್ಲಾಡಿಸಬಾರದು. ಇಳೀತಾ ಅಂತ ಗಳಿಗೆಗೊಂದ್ಸಲ ಮುಚ್ಚಳ ತೆಗೆದು ನೋಡಬಾರದು."

"ಪದ್ಮನೂ ಹಾಗೇ ಮಾಡೋದಾ?"

ಮೂವತ್ತೈದು ವರ್ಷ ಆ ಕಾಫಿ ಕುಡಿದವನು ನನ್ನನ್ನು ಕೇಳುತ್ತಿದ್ದಾನೆ. ನಾಣಿ ಕೂಡ ಸುಮ್ಮನಾದ.

"ಫೋನಲ್ಲಿ ಕೇಳೋದಲ್ವಾ?" ಅಂದೆ.

"ಕೇಳಿದ್ರೆ ನಾಳೇನೇ ಹೊರಟು ಬರ್ತೀನಿ ಅಂತಾಳೆ. ಪಾಪ, ಮಗೂಗೆ ಇನ್ನೂ ಎರಡು ತಿಂಗಳು."

ಸೀನ ಎದ್ದು, ಪ್ರೆಸ್ಸಿನಲ್ಲಿ ಉಳಿದಿದ್ದ ಗಷ್ಟನ್ನು ಅಂಗಳದ ಗುಲಾಬಿ ಬುಡಕ್ಕೆ ಸುರಿದ. ನಾನೂ ನನ್ನ ಲೋಟ ಬಗ್ಗಿಸಿದೆ. ಪದ್ಮಕ್ಕನ ಗಿಡ. ಎಣಿಸಿದೆ, ಒಂಬತ್ತು ಮೊಗ್ಗು.

"ಫೋಟೋ ಕಳಿಸಿದ್ದೆ" ಅಂದ ಸೀನ. "ಏನು ಹಾಕ್ತಿದೀರಿ ಅಂತ ಕೇಳಿದ್ಲು."

"ಏನಂದೆ?"

"ಸಗಣಿ ಗೊಬ್ಬರ ಅಂದೆ."