ಜಿಮ್ ಸೇರಿದ್ಮೇಲೆ ಕೂದಲು ಉದುರ್ತಿದೆ, ಬಿಟ್ಬಿಡ್ಲಾ?

ಬೆಣ್ಣೆದೋಸೆ24:
ವಯಸ್ಸು 24, ಊರು ದಾವಣಗೆರೆ, ಈಗ ಬೆಂಗಳೂರಲ್ಲಿ ಪೀಜಿ. ಯುಗಾದಿ ಮುಗಿಸ್ಕೊಂಡು ಬಂದು ಜಿಮ್ ಸೇರಿದೆ. ನಾಲ್ಕೇ ತಿಂಗಳಿಗೆ 84 ಕೆಜಿ ಇದ್ದವನು 69ಕ್ಕೆ ಇಳಿದೆ. ರಾತ್ರಿ ಊಟ ಇಲ್ಲ, ಎರಡು ಮೊಟ್ಟೆಯ ಬಿಳಿ, ಒಂದು ಸೌತೆಕಾಯಿ. ಮೂರು ವಾರದಿಂದ ತಲೆಗೆ ನೀರು ಹಾಕ್ಕೊಂಡ್ರೆ ಬಚ್ಚಲ ಜಾಲರಿ ಕಟ್ಕೊಳ್ತಿದೆ. ನಿನ್ನೆ ಹೆಲ್ಮೆಟ್ ಒಳಗಿನ ಸ್ಪಂಜಿಗೆ ಹನ್ನೊಂದು ಅಂಟಿದ್ದವು (ಹೌದು, ಎಣಿಸೋ ಸ್ಥಿತಿಗೆ ಬಂದಿದ್ದೀನಿ). ರೂಮ್‌ಮೇಟ್ ಪ್ರಕಾರ ಭಾರ ಎತ್ತಿದ್ರೆ ಟೆಸ್ಟೋಸ್ಟೆರಾನ್ ಅನ್ನೋ ಗಂಡು ಹಾರ್ಮೋನು ಏರಿ ಬೋಳಾಗುತ್ತಂತೆ. ಅಮ್ಮಂಗೆ ಬೋರ್‌ವೆಲ್ ನೀರಿನ ಮೇಲೆ ಅನುಮಾನ. ದಿನಾ 5 ಗ್ರಾಂ ಕ್ರಿಯಾಟಿನ್ (ಕಸರತ್ತಿಗೆ ಬಲ ಬರ್ಲಿ ಅಂತ ತಗೊಳ್ಳೋ ಪುಡಿ) ಬೇರೆ ತಗೋತೀನಿ.

ಜಗಲಿಕಟ್ಟೆ:
ತಮ್ಮಾ, ನಾನು ಜಿಮ್ ಮೆಟ್ಟಿಲೇ ಹತ್ತಿದವನಲ್ಲ, 27ಕ್ಕೇ ನೆತ್ತಿ ಬಯಲು. ನಮ್ಮಪ್ಪ, ಸೋದರಮಾವ ಇಬ್ಬರದ್ದೂ ಅದೇ ಕತೆ. ನಿಮ್ಮ ಮನೇಲಿ ಹೇಗೆ?

ಚರ್ಮದವೈದ್ಯೆ:
ನಾನೂ ಪೀಜಿನೇ, ಚರ್ಮರೋಗ ವಿಭಾಗದಲ್ಲಿ! ಕಸರತ್ತಿನಿಂದ ಏರೋ ಟೆಸ್ಟೋಸ್ಟೆರಾನ್ ಸ್ವಲ್ಪ ಹೊತ್ತಿಗೇ ಮೊದಲಿನಂತಾಗುತ್ತೆ. ವಂಶದ ಬೋಳಿನಲ್ಲಿ ಡಿಎಚ್‌ಟಿ ಅನ್ನೋ ಹಾರ್ಮೋನಿಗೆ ಕೂದಲ ಬುಡ ಸೊರಗುತ್ತೆ. ಅದು ಹಣೆಯ ಮೂಲೆ, ನೆತ್ತಿಯಿಂದ ನಿಧಾನಕ್ಕೆ ಶುರುವಾಗೋದು. ನಿಮ್ಮದು ಇಡೀ ತಲೆಯಿಂದ ಉದುರ್ತಿದ್ರೆ ನನ್ನ ಅನುಮಾನ ಆ ಸೌತೆಕಾಯಿ ಮೇಲೆ. ತೂಕ ಒಮ್ಮೆಲೇ ಇಳಿಸಿದ್ರೆ ಬೆಳೀತಿದ್ದ ಕೂದಲು ಒಟ್ಟಿಗೇ ಬೆಳೆಯೋದು ನಿಲ್ಲಿಸಿ, ಎರಡು-ಮೂರು ತಿಂಗಳ ಮೇಲೆ ಉದುರುತ್ತೆ. ಡೆಂಗಿ ಬಂದು ಹೋದವರೂ ಹೀಗೇ ಗಾಬರಿಯಾಗಿ ಬರ್ತಾರೆ. ಸರಿಯಾಗಿ ಉಂಡರೆ ಸಾಮಾನ್ಯವಾಗಿ ಆರು ತಿಂಗಳಲ್ಲಿ ಹತೋಟಿಗೆ ಬರುತ್ತೆ. ದಿನಕ್ಕೆ 50ರಿಂದ 100 ಉದುರೋದು ಎಲ್ಲರಿಗೂ ಇದ್ದದ್ದೇ.

ಕ್ರಿಯಾಟಿನ್ ಭಯ ಹುಟ್ಟಿದ್ದು 2009ರಲ್ಲಿ, ದಕ್ಷಿಣ ಆಫ್ರಿಕಾದ ರಗ್ಬಿ ಆಟಗಾರರ ಮೇಲಿನ ಸಣ್ಣ ಅಧ್ಯಯನದಿಂದ. ಡಿಎಚ್‌ಟಿ ಏರಿತ್ತು, ಆದ್ರೆ ಕೂದಲನ್ನು ಅಳೆದೇ ಇರಲಿಲ್ಲ. 2025ರ ಅಧ್ಯಯನದಲ್ಲಿ 12 ವಾರ ಕೊಟ್ಟು ಕೂದಲನ್ನೇ ಪರೀಕ್ಷಿಸಿದ್ರು, ವ್ಯತ್ಯಾಸ ಕಾಣಲಿಲ್ಲ. ನಾನು ಹೆದರೋದು ಸ್ಟೆರಾಯ್ಡ್‌ಗೆ. ಟ್ರೈನರ್ ಇಂಜೆಕ್ಷನ್ ಏನಾದ್ರೂ ಚುಚ್ಚಿದ್ದಾರಾ? ಫೆರಿಟಿನ್ (ಮೈಯಲ್ಲಿ ಕಬ್ಬಿಣದಂಶ ಎಷ್ಟು ಕೂಡಿದೆ ಅಂತ ತಿಳಿಸೋ ರಕ್ತಪರೀಕ್ಷೆ), ಥೈರಾಯ್ಡ್ ಒಮ್ಮೆ ನೋಡಿಸಿ.

ಬೆಣ್ಣೆದೋಸೆ24:
ಇಂಜೆಕ್ಷನ್ ಇಲ್ಲ ಮೇಡಂ, ದೇವರಾಣೆ. ಅಣ್ಣಾ, ಅಪ್ಪಂಗೆ 56, ಇನ್ನೂ ಬಾಚಣಿಗೆ ಮುರಿಯೋಷ್ಟು ಕೂದಲಿದೆ. ಮಾವಂದಿರು ಮಾತ್ರ ಸಾಲಾಗಿ ನಿಂತ್ರೆ ಟ್ಯೂಬ್‌ಲೈಟ್ ಬೇಡ. ನಾಳೆ ರಕ್ತ ಕೊಡ್ತೀನಿ. ಜಿಮ್ ಬಿಡಲ್ಲ. ಇವತ್ತು ರಾತ್ರಿ ಮುದ್ದೆ, ಹೆಸರುಕಾಳು ಸಾರು ಹೊಡೆದೆ. ಹೆಲ್ಮೆಟ್ ನೋಡಲೇ ಇಲ್ಲ.

ಸುಳ್ಳು. ನೋಡಿದೆ. ಒಂಬತ್ತು.